ಒಂದು ಕಿವಿ ಮನೆಗೆ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸುರತ್ಕಲ್‌ನಿಂದ ಅಕ್ಕನ ಫೋನ್. "ನಿನ್ನ ಅಳಿಯನಿಗೆ ಕಿವಿಯ ಸುತ್ತ ಎಂತದೋ ಕಪ್ಪು ಕಪ್ಪು ಆಗಿದೆ ಮಾರಾಯ. ತಿಕ್ಕಿದರೆ ಹೋಗ್ತದೆ, ಮರುದಿನ ಪುನಃ ಬರ್ತದೆ. ಚರ್ಮದ ಡಾಕ್ಟ್ರಿಗೆ ತೋರಿಸುವುದಾ?" ಫೋಟೋ ಕಳಿಸು ಅಂದೆ. ಕಳಿಸಿದಳು. ಬಲಗಿವಿಯ ಹಿಂದೆ, ದವಡೆಯ ಮೇಲೆ, ಸುಟ್ಟ ಕಾಗದದ ಚೂರಿನಂಥ ಕಪ್ಪು ಕಣಗಳು. ನೋಡಿದ ಕೂಡಲೇ ಗೊತ್ತಾಯಿತು. ಚರ್ಮದ ರೋಗ ಹೌದು, ಆದರೆ ಹುಡುಗನದ್ದಲ್ಲ, ಹೆಡ್‌ಫೋನಿನದ್ದು.

ಆ ಹೆಡ್‌ಫೋನ್ ಆರಿಸಿಕೊಟ್ಟದ್ದು ನಾನೇ. ಅವನ ಎಸ್ಸೆಸ್ಸೆಲ್ಸಿ ಮುಗಿದ ಖುಷಿಗೆ. ಎರಡೂ ಕಡೆ ತೆಂಗಿನ ಗೆರಟೆಯಷ್ಟು ದೊಡ್ಡ ಕಿವಿ, ಬಣ್ಣ ಬದಲಾಯಿಸುವ ಲೈಟು, ಬಾಯಿಯ ಹತ್ತಿರ ಬಗ್ಗಿಸುವ ಮೈಕು, ಬಾಕ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ "7.1 ಸರೌಂಡ್", ಅಂದರೆ ಸುತ್ತಲೂ ಸ್ಪೀಕರ್ ಇಟ್ಟ ಹಾಗೆ ಕೇಳುತ್ತದಂತೆ. ಮೂರು ಸಾವಿರದ ಚಿಲ್ಲರೆ. ಒಂದೂವರೆ ವರ್ಷಕ್ಕೆ ಅದರ ಕುಶನ್ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತ್ತು. ಲೆದರ್ ಅಂತ ಬರೆದಿರುತ್ತಾರೆ, ನಿಜವಾಗಿ ಅದು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಗಾಳಿಯ ತೇವಾಂಶವೇ ಅದನ್ನು ನಿಧಾನವಾಗಿ ಒಡೆಯುತ್ತದೆ, ಬಳಸದೆ ಕಪಾಟಿನಲ್ಲಿ ಇಟ್ಟರೂ. ಬೆವರು, ತಲೆಗೆಣ್ಣೆ ಸೇರಿದರೆ ಇನ್ನೂ ಬೇಗ. ಮಳೆಗಾಲದ ಆಟಿ ತಿಂಗಳಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಮದುವೆ ಆಲ್ಬಮ್ಮಿಗೆ ಎಲ್ಲದಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಅಕ್ಕನ ಮನೆಯಿಂದ ಸಮುದ್ರಕ್ಕೆ ನಡೆದರೆ ಹತ್ತು ನಿಮಿಷ. ಅಲ್ಲಿ ಕಿಟಕಿಯ ಸರಳೇ ತುಕ್ಕು ಹಿಡಿದು ಉದುರುತ್ತದೆ, ಇನ್ನು ಕುಶನ್ ಯಾವ ಲೆಕ್ಕ? ವಿಡಿಯೋದಲ್ಲಿ ರಿವ್ಯೂ ಮಾಡುವವನಿಗೆ ಇದು ಕಾಣುವುದಿಲ್ಲ. ಅವನು ಎಸಿ ರೂಮಿನಲ್ಲಿ ಬಾಕ್ಸ್ ಬಿಚ್ಚಿ ಒಂದು ವಾರದಲ್ಲಿ ತೀರ್ಪು ಕೊಟ್ಟಿರುತ್ತಾನೆ.

ಆದರೆ ನಾನು ಇಲ್ಲಿಯವನೇ ಅಲ್ವಾ? ನನಗೆ ಗೊತ್ತಿರಬೇಕಿತ್ತು. ನಮ್ಮ ಬಳಗದಲ್ಲಿ ಇಂಥದ್ದಕ್ಕೆಲ್ಲ ನನ್ನನ್ನೇ ಕೇಳುವುದು. "ಹಾಡಿಗೂ ಆಗಬೇಕು, ಗೇಮಿಗೂ ಆಗಬೇಕು, ಇಷ್ಟರೊಳಗೆ ಯಾವುದು ಒಳ್ಳೇದು?" ಆ "ಇಷ್ಟು" ಒಮ್ಮೆ ಐನೂರು, ಒಮ್ಮೆ ಹದಿನೈದು ಸಾವಿರ. ನಾನೂ ಜಾಣನ ಹಾಗೆ ಒಂದು ಮಾಡೆಲ್ ಹೆಸರು ಹೇಳಿ ಕಳಿಸುತ್ತಿದ್ದೆ. ಈ ಕಪ್ಪು ಚೂರುಗಳ ನಂತರ ಹಾಗೆ ಹೇಳಲು ನಾಲಿಗೆ ಬರುತ್ತಿಲ್ಲ. ಈಗ ಮೊದಲು ಕೇಳುವುದು ಬೇರೆ. ಎಲ್ಲಿ ಕೂತು ಕೇಳ್ತಿ? ಫ್ಯಾನ್ ಎಷ್ಟರಲ್ಲಿ ಇರ್ತದೆ? ಮಾಡು ಹಂಚಿನದ್ದಾ, ಶೀಟಿನದ್ದಾ? ಮನೆಯಲ್ಲಿ ಕರೆಯುವವರು ಯಾರು? ಕೇಳಿದವರು ನನ್ನ ಮುಖ ನೋಡುತ್ತಾರೆ.

ಓಪನ್ ಬ್ಯಾಕಿಗೊಂದು ಸೀಸನ್

ನನ್ನದೇ ದಡ್ಡತನದ ಕತೆಯೊಂದುಂಟು. ಎಂಟು ವರ್ಷದ ಹಿಂದಿನ ಮಾತು. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟ ಹುಡುಗರು ಸೈಕಲ್, ಕೂಲರ್, ಗಿಟಾರ್ ಎಲ್ಲ ಮಾರಿ ಹೋಗುತ್ತಾರಲ್ಲ, ಹಾಗೆ ಒಬ್ಬ ತನ್ನ ಓಪನ್ ಬ್ಯಾಕ್ ಹೆಡ್‌ಫೋನ್ ಮಾರುತ್ತಿದ್ದ. ಅಂದರೆ ಕಿವಿಯ ಮೇಲೆ ಕೂರುವ ಬಟ್ಟಲಿನ ಬೆನ್ನು ಮುಚ್ಚಿರುವುದಿಲ್ಲ, ಬರೀ ಜಾಲರಿ. ಶಬ್ದ ಕಿವಿಯ ಕಡೆಗೂ ಹೋಗುತ್ತದೆ, ಹೊರಗೂ ಹೋಗುತ್ತದೆ. ಒಳಗೆ ಗುಯ್‌ಗುಡುವುದು ಕಡಿಮೆ, ಹಾಗಾಗಿ ಹಾಡು ತಲೆಯೊಳಗೆ ಅಲ್ಲ, ತಲೆಯ ಆಚೆ ಎಲ್ಲೋ ನಡೆಯುತ್ತಿರುವ ಹಾಗೆ ಕೇಳುತ್ತದೆ. 1968ರಲ್ಲಿ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ 414 ಎಂಬ ಮೊದಲ ಓಪನ್ ಹೆಡ್‌ಫೋನ್ ತಂದಾಗಿನಿಂದ ಹಾಡು ಕೇಳುವ ಹುಚ್ಚರಿಗೆ ಇದೇ ಇಷ್ಟ.

ಹಾಸ್ಟೆಲ್ ರೂಮಿನಲ್ಲಿ ಕಿಟಕಿ ಮುಚ್ಚಿ, ನನ್ನ ತಲೆಗೆ ಹಾಕಿ, "ಯಾವುದಾದರೂ ನಿಮ್ಮ ಹಾಡು ಹಾಕಿ ಅಂಕಲ್" ಅಂದ. ಅಂಕಲ್ ಅಂದದ್ದನ್ನು ನುಂಗಿಕೊಂಡು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಹಾಕಿದೆ. ಸಾವಿರ ಸಲ ಕೇಳಿದ್ದು, ಮದುವೆ ಮಂಟಪದಿಂದ ಹಿಡಿದು ಕಾರಿನ ಸ್ಟೀರಿಯೋವರೆಗೆ. ಆದರೆ ಸ್ವರ ಶುರುವಾಗುವ ಮೊದಲು ಬರುವ ಗಾಳಿಯ ಸಣ್ಣ ಸದ್ದು, ಮಧ್ಯೆ ಎಳೆದುಕೊಳ್ಳುವ ಉಸಿರು, ಅದನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅವತ್ತೇ. ಚೌಕಾಶಿ ಮಾಡುವುದೂ ಮರೆತು ದುಡ್ಡು ಕೊಟ್ಟು ಬಂದೆ.

ಮನೆಗೆ ತಂದದ್ದು ಜೂನಿನಲ್ಲಿ. ಉಡುಪಿಯ ನಮ್ಮ ಮನೆಗೆ ಹಂಚಿನ ಮಾಡು, ಅಂಗಳಕ್ಕೆ ಶೀಟು. ಆ ಶೀಟಿನ ಮೇಲೆ ಮಳೆ ಬಿದ್ದರೆ ಎದುರು ಕೂತವರ ಮಾತೇ ಕೇಳುವುದಿಲ್ಲ. ತಲೆಯ ಮೇಲೆ ಫ್ಯಾನು, ಪಕ್ಕದ ಕೋಣೆಯಲ್ಲಿ ಅಮ್ಮನ ಧಾರಾವಾಹಿ, ಅಡುಗೆಮನೆಯಲ್ಲಿ ಮಿಕ್ಸಿ. ಬೆನ್ನು ತೆರೆದ ಹೆಡ್‌ಫೋನಿನೊಳಗೆ ಇವರೆಲ್ಲ ಬಾಗಿಲು ತಟ್ಟದೆ ಬಂದರು. ಉಸಿರು ಹೋಗಲಿ, ಸ್ಯಾಕ್ಸೋಫೋನೇ ಕಳೆದುಹೋಯಿತು. ವಾಲ್ಯೂಮ್ ಏರಿಸಿದೆ. ಆಚೆಯಿಂದ ಅಮ್ಮ, "ಎಂತ ಅದು, ನುಸಿ ಕೂಗಿದ ಹಾಗೆ ಕೇಳ್ತದೆ?" ನನ್ನ ಹಾಡು ಅಮ್ಮನಿಗೆ ಕೇಳುತ್ತಿತ್ತು, ಅಮ್ಮನ ಧಾರಾವಾಹಿ ನನಗೆ.

ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಪುನಃ ತೆಗೆದದ್ದು ಜನವರಿಯಲ್ಲಿ, ಒಂದು ರಾತ್ರಿ ಕರೆಂಟು ಹೋದಾಗ. ಫ್ಯಾನಿಲ್ಲ, ಟಿವಿ ಇಲ್ಲ, ಹೊರಗೆ ಮಳೆಯೂ ಇಲ್ಲ. ಸಣ್ಣ ಚಳಿ. ಫೋನಿನಲ್ಲಿ ಹಳೆಯ ಯಕ್ಷಗಾನದ ಧ್ವನಿಮುದ್ರಿಕೆಯೊಂದಿತ್ತು, ಭಾಗವತ ಕಾಳಿಂಗ ನಾವಡರದ್ದು. ಅವರು ತೀರಿಕೊಂಡದ್ದು 1990ರಲ್ಲಿ, ಆಗ ನಾನು ನಾಲ್ಕನೇ ಕ್ಲಾಸು. ಯಾರೋ ಆಟದ ಎದುರು ಟೇಪ್ ರೆಕಾರ್ಡರ್ ಹಿಡಿದು ಕೂತು ಮಾಡಿದ ರೆಕಾರ್ಡಿಂಗ್ ಅದು, ಉದ್ದಕ್ಕೂ ಸುಯ್ ಎನ್ನುವ ಕ್ಯಾಸೆಟ್ಟಿನ ಸದ್ದು. ಅವತ್ತು ಪದದ ಮಧ್ಯೆ ಒಂದು ಮಗು ಅತ್ತದ್ದು ಕೇಳಿತು. ಯಾರೋ ಕೆಮ್ಮಿದರು. ಚಂಡೆಯ ಪೆಟ್ಟು ಬಿದ್ದು, ಎಲ್ಲಿಗೋ ಹೋಗಿ, ತಿರುಗಿ ಬಂದ ಹಾಗೆ. ಗದ್ದೆಯ ಆಚೆ ಕಾಡಿರಬೇಕು ಅಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು, ಫ್ಯಾನು ತಿರುಗಿತು, ಮಗು ಮಾಯ.

ಅಂದಿನಿಂದ ನನ್ನ ಲೆಕ್ಕ ಇಷ್ಟು: ನಮ್ಮಲ್ಲಿ ಓಪನ್ ಬ್ಯಾಕ್ ಹೆಡ್‌ಫೋನಿಗೆ ಒಂದು ಸೀಸನ್ ಉಂಟು, ಮಾವಿನಹಣ್ಣಿನ ಹಾಗೆ. ಡಿಸೆಂಬರ್, ಜನವರಿ, ಹೆಚ್ಚೆಂದರೆ ಫೆಬ್ರವರಿಯ ಅರ್ಧ. ತಮಾಷೆ ಎಂದರೆ ಸೆಕೆಗೆ ಅದೇ ಹಿತ, ಕಿವಿಗೆ ಗಾಳಿ ಆಡುತ್ತದೆ. ಮುಚ್ಚಿದ ಬೆನ್ನಿನದ್ದು ಹಾಕಿದರೆ ಏಪ್ರಿಲಿನಲ್ಲಿ ಅರ್ಧ ಗಂಟೆಗೆ ಕಿವಿಯೊಳಗೆ ಇಡ್ಲಿ ಬೇಯುತ್ತದೆ. ಗಾಳಿ ಬೇಕಾದರೆ ಗಲಾಟೆಯೂ ಒಳಗೆ ಬರುತ್ತದೆ, ಗಲಾಟೆ ಬೇಡ ಅಂದರೆ ಬೆವರು. ಇದಕ್ಕೆ ಬಾಕ್ಸಿನ ಮೇಲಿನ ಯಾವ ಅಂಕಿಯಲ್ಲೂ ಉತ್ತರ ಇಲ್ಲ.

ಎಡವಾ, ಬಲವಾ, ಹಿಂದೆಯಾ?

ಕಪ್ಪು ಚೂರಿನ ಪ್ರಕರಣ ಆದ ಮೇಲೆ ಒಂದು ಭಾನುವಾರ ಸುರತ್ಕಲ್‌ಗೆ ಹೋದೆ, ತಪ್ಪು ಸರಿಮಾಡಲು. ಅಳಿಯ ಆಡುವುದು ಗುಂಡು ಹಾರಿಸುವ ಆಟ. ಅದರಲ್ಲಿ ಕಣ್ಣಿಗಿಂತ ಕಿವಿ ಮುಖ್ಯ, ಗೋಡೆಯ ಆಚೆ ನಡೆಯುವವನ ಹೆಜ್ಜೆ ಮೊದಲು ಕೇಳಿದವನು ಬದುಕುತ್ತಾನೆ. "ಇದರಲ್ಲಿ ಸರೌಂಡ್ ಉಂಟು ಮಾವ, ಕುಶನ್ ಹೋದರೆ ಹೋಗಲಿ, ಸೌಂಡಿಗೆ ಬೇಕಲ್ಲ" ಅಂದ. ನೋಡುವ ಅಂತ ಪರೀಕ್ಷೆ ಇಟ್ಟೆವು. ನನ್ನ ಕಣ್ಣಿಗೆ ಅಕ್ಕನ ಶಾಲು. ಅವನ ಗೆಳೆಯ ಅವನ ಮನೆಯಿಂದಲೇ ಆಟದೊಳಗೆ ನನ್ನ ಸುತ್ತ ನಡೆಯುವುದು, ನಾನು ಎಡ, ಬಲ, ಮುಂದೆ, ಹಿಂದೆ ಹೇಳುವುದು. ಹತ್ತು ಸಲ. ಆಮೇಲೆ ಅಳಿಯನ ಸರದಿ.

ಸರೌಂಡ್ ಆನ್ ಇದ್ದಾಗ ನನಗೆ ಹತ್ತರಲ್ಲಿ ಐದು. ಆಫ್ ಮಾಡಿದಾಗ ಏಳು. ಅವನದು ಆರು, ಒಂಬತ್ತು. ಆಮೇಲೆ ಡ್ರಾಯರಿನಲ್ಲಿದ್ದ, ಯಾವುದೋ ಹಳೆ ಫೋನಿನ ಜೊತೆ ಬಂದ ತಂತಿಯ ಇಯರ್‌ಫೋನ್ ಸಿಕ್ಕಿಸಿ ನೋಡಿದೆವು. ನನಗೆ ಏಳು, ಅವನಿಗೆ ಒಂಬತ್ತು. ಹುಡುಗ ಸುಮ್ಮನಾದ. ಮೂರು ಸಾವಿರಕ್ಕಿಂತ ಪುಕ್ಕಟೆಯದ್ದು ಕಡಿಮೆ ಇರಲಿಲ್ಲ. ಎಡ, ಬಲ ಯಾವುದರಲ್ಲೂ ತಪ್ಪಲಿಲ್ಲ ಅನ್ನಿ. ತಪ್ಪಿದ್ದೆಲ್ಲ ಮುಂದೆ, ಹಿಂದೆಯಲ್ಲಿ.

ಯಾಕೆ ಹಾಗೆ ಎನ್ನುವುದು ಸೋಜಿಗದ ವಿಷಯ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎಡಗಡೆಯಿಂದ ಬಂದ ಶಬ್ದ ಬಲಗಿವಿಗೆ ತಲುಪುವಾಗ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ತಡವಾಗುವುದಿಲ್ಲ, ಅದಕ್ಕಿಂತ ಕಡಿಮೆ. ಆ ತಡವನ್ನೂ, ತಲೆ ಅಡ್ಡ ಬಂದು ಶಬ್ದ ಸ್ವಲ್ಪ ಮಸುಕಾಗುವುದನ್ನೂ ಮಿದುಳು ಲೆಕ್ಕ ಹಾಕಿ ಎಡ, ಬಲ ಹೇಳುತ್ತದೆ. ಮುಂದೆ, ಹಿಂದೆ ಗೊತ್ತಾಗುವುದು ಹೊರಕಿವಿಯ ಮಡಿಕೆಗಳಿಂದ. ಅಲ್ಲಿ ತಾಗಿ ಬರುವ ಶಬ್ದದ ಬಣ್ಣ ಬದಲಾಗುತ್ತದೆ. ಹೆಡ್‌ಫೋನಿನಲ್ಲಿ ಎರಡೇ ಸ್ಪೀಕರು, ಕಿವಿಗೊಂದು. 7.1 ಎನ್ನುವುದು ಈ ತರದ ಅಗ್ಗದ ಹೆಡ್‌ಸೆಟ್ಟಿನಲ್ಲಿ ಸಾಫ್ಟ್‌ವೇರಿನ ಆಟ, ಒಂದು ಸರಾಸರಿ ತಲೆಯನ್ನು ಊಹಿಸಿಕೊಂಡು ಮಾಡಿದ ಲೆಕ್ಕ. ಈಗಿನ ಹಲವು ಆಟಗಳು ಆ ಲೆಕ್ಕವನ್ನು ತಾವೇ ಮಾಡಿ ಕಳಿಸುತ್ತವೆ. ವ್ಯಾಲೊರಂಟ್ ಎಂಬ ಆಟದ ಸೆಟ್ಟಿಂಗಿನಲ್ಲಿ ಎಚ್‌ಆರ್‌ಟಿಎಫ್ ಎಂದು ಕಾಣುವುದು ಅದೇ. ಅದರ ಮೇಲೆ ಹೆಡ್‌ಸೆಟ್ ಇನ್ನೊಂದು ಲೆಕ್ಕ ಹಾಕಿದರೆ ಚಾ ಮಾಡಿದವರೂ ಸಕ್ಕರೆ ಹಾಕಿ, ಕುಡಿಯುವವನೂ ಹಾಕಿಕೊಂಡ ಹಾಗೆ.

ಇನ್ನೊಂದು ಶತ್ರು ಬಾಸ್. ಅಂಗಡಿಯವರು ಮೊದಲು ಹೇಳುವುದೇ "ಬಾಸ್ ಭಾರೀ ಉಂಟು ಸರ್" ಅಂತ. ಗುಂ ಎನ್ನುವ ತಗ್ಗಿನ ಶಬ್ದ ಜಾಸ್ತಿಯಾದರೆ ಅದರ ಮೇಲಿನ ಸಣ್ಣ ಸಣ್ಣ ಶಬ್ದಗಳನ್ನು ನುಂಗಿಬಿಡುತ್ತದೆ. ಆಟದಲ್ಲಿ ಬಾಂಬು ಸಿಡಿದಾಗ ಹೆಜ್ಜೆ ಕೇಳುವುದಿಲ್ಲ. ಹಾಡಿನಲ್ಲೂ ಅದೇ ಕತೆ. ನನ್ನ ಪರೀಕ್ಷೆ ತೆಂಕುತಿಟ್ಟು ಯಕ್ಷಗಾನದ ಚೆಂಡೆ. ಪೆಟ್ಟು ಟಣ್ ಅಂತ ಬೀಳಬೇಕು, ಬಿದ್ದು ನಿಲ್ಲಬೇಕು, ಅದರ ಸಂದಿಯಲ್ಲಿ ಮದ್ದಳೆಯ ಬೆರಳು ಕೇಳಬೇಕು. ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಚೆಂಡೆ ನಿಲ್ಲುವುದೇ ಇಲ್ಲ, ಒಂದರ ಬಾಲ ಇನ್ನೊಂದರ ತಲೆಗೆ. ಚೆಂಡೆ, ಮದ್ದಳೆ ಬಿಡಿಸಿ ಕೇಳಿಸುವ ಹೆಡ್‌ಫೋನ್ ಹೆಜ್ಜೆಯನ್ನೂ ಬಿಡಿಸಿ ಕೇಳಿಸುತ್ತದೆ. ಹಾಗಾಗಿ ಹಾಡಿಗೆ ಬೇರೆ, ಗೇಮಿಗೆ ಬೇರೆ ಎನ್ನುವುದು ಬಹಳ ಮಟ್ಟಿಗೆ ಅಂಗಡಿಯ ಮಾತು ಅಂತ ನನಗೆ ಅನಿಸುತ್ತದೆ. ಗೇಮಿಗೆ ಬೇರೆಯಾಗಿ ಬೇಕಾದದ್ದು ಎರಡೇ. ಒಂದು ಮೈಕು. ಇನ್ನೊಂದು, ಶಬ್ದ ತಡ ಆಗಬಾರದು.

ತಡ ಅಂದರೆ ಬ್ಲೂಟೂತಿನದ್ದು. ಜಾತ್ರೆಯಲ್ಲಿ ದೂರದ ಗದ್ದೆಯಲ್ಲಿ ಗರ್ನಾಲು ಹೊಡೆಯುವಾಗ ಬೆಳಕು ಮೊದಲು, ಶಬ್ದ ಆಮೇಲೆ ಅಲ್ವಾ? ಸಾಧಾರಣ ಬ್ಲೂಟೂತಿನಲ್ಲಿ ಐದನೇ ಒಂದು ಸೆಕೆಂಡು ತಡ ಆಗುವುದು ಮಾಮೂಲು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ 68 ಮೀಟರ್ ಓಡಿರುತ್ತದೆ. ಅಂದರೆ ಕೈಯಲ್ಲಿರುವ ಬಂದೂಕಿನ ಶಬ್ದ ಅರವತ್ತೆಂಟು ಮೀಟರ್ ದೂರದಿಂದ ಬಂದ ಹಾಗೆ. ಸಿನಿಮಾ ನೋಡುವಾಗ ಗೊತ್ತಾಗುವುದಿಲ್ಲ ಯಾಕೆಂದರೆ ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ಗೇಮಿನಲ್ಲಿ ಆ ಉಪಾಯ ನಡೆಯುವುದಿಲ್ಲ, ನೀವು ಯಾವಾಗ ಗುಂಡು ಹಾರಿಸುತ್ತೀರಿ ಅಂತ ಅದಕ್ಕೆ ಮೊದಲೇ ಹೇಗೆ ಗೊತ್ತಾಗಬೇಕು? ಮೇಲಾಗಿ ಹೆಚ್ಚಿನ ಬ್ಲೂಟೂತಿನಲ್ಲಿ ಮೈಕು ಆನ್ ಆದ ಕೂಡಲೇ ಹಾಡು ಹಳೆಯ ಲ್ಯಾಂಡ್‌ಲೈನಿನ ಮಟ್ಟಕ್ಕೆ ಇಳಿಯುತ್ತದೆ. ವೈರ್‌ಲೆಸ್ಸೇ ಬೇಕಾದರೆ ಯುಎಸ್‌ಬಿ ತುಂಡು ಸಿಕ್ಕಿಸುವ 2.4 ಗಿಗಾಹರ್ಟ್ಸಿನದ್ದು ಪರವಾಗಿಲ್ಲ. ತಂತಿಯದ್ದಾದರೆ ಈ ತಲೆಬಿಸಿಯೇ ಇಲ್ಲ.

(ಅದೇ ದಿನ ಅಳಿಯ ನನಗೂ ಒಂದು ಪರೀಕ್ಷೆ ಇಟ್ಟ. ಎಲ್ಲ ಬಾಕ್ಸಿನ ಮೇಲೂ 20ರಿಂದ 20,000 ಹರ್ಟ್ಸ್ ಅಂತ ಇರುತ್ತದೆ, ಮುನ್ನೂರು ರೂಪಾಯಿಯದ್ದರ ಮೇಲೂ. ತಗ್ಗಿನ ಸ್ವರಕ್ಕೆ ಸಣ್ಣ ಅಂಕಿ, ಏರಿನದ್ದಕ್ಕೆ ದೊಡ್ಡದು. ಅವನು ಫೋನಿನಲ್ಲಿ 16,000 ಹರ್ಟ್ಸಿನ ಶಬ್ದ ಹಾಕಿ "ಕೇಳ್ತದಾ ಮಾವ?" ಅಂದ. ಯಾವಾಗ ಹಾಕ್ತಿ ಅಂದೆ. ಹಾಕಿ ಆಗಿತ್ತು. ಅವನು ಕಿವಿ ಮುಚ್ಚಿಕೊಂಡಿದ್ದ. ನಲ್ವತ್ತು ದಾಟಿದವರು ಆ ಮೇಲಿನ ಅಂಕಿಗೆ ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಬಹುದು.)

ಬಸ್ಸಿನಲ್ಲಿ

ಉಡುಪಿಯಿಂದ ಮಂಗಳೂರಿಗೆ ನಾನು ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವವನು. ಎರಡು ವರ್ಷದ ಹಿಂದೆ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ತಗೊಂಡೆ. ಕಟಪಾಡಿ ದಾಟುವ ಮೊದಲು ಗುಂಡಿ ಒತ್ತಿದೆ. ಇಂಜಿನ್ನಿನ ಗುರ್ ಎನ್ನುವುದು ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಹೋಯಿತು. ಆಹಾ ಅಂದುಕೊಳ್ಳುವಷ್ಟರಲ್ಲಿ ಕಂಡಕ್ಟರಿನ ವಿಸಿಲ್. ಮೊದಲಿಗಿಂತ ಸ್ಪಷ್ಟ! ಹಾರ್ನೂ ಅಷ್ಟೇ. "ಪಡುಬಿದ್ರಿ, ಮುಲ್ಕಿ, ಸುರತ್ಕಲ್, ಮಂಗ್ಳೂರ್" ಎಂಬುದಂತೂ ನನ್ನ ಕಿವಿಗೇ ಹೇಳಿದ ಹಾಗೆ. ಈ ಉಪಾಯ ಕೆಲಸ ಮಾಡುವುದು ಹೊರಗಿನ ಅಲೆಯನ್ನು ಮೈಕಿನಲ್ಲಿ ಕೇಳಿ ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ. ಇಂಜಿನ್ನಿನಂಥ ನಿಧಾನದ, ಒಂದೇ ಸಮನೆ ಬರುವ ಅಲೆಗೆ ಅದು ಸರಿಯಾಗಿ ಕೂರುತ್ತದೆ. ವಿಸಿಲಿನಂಥ ಚುರುಕಿನ ಅಲೆಗೆ ಲೆಕ್ಕ ತಪ್ಪುತ್ತದೆ. ವಿಮಾನಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಬಸ್ಸಿಗೆ ಅರ್ಧ ಔಷಧಿ. ಉಳಿದರ್ಧಕ್ಕೆ ಕಿವಿಯನ್ನು ಸರಿಯಾಗಿ ಮುಚ್ಚುವ ರಬ್ಬರ್ ತುದಿಯೇ ಗತಿ. ಅದಕ್ಕೆ ಬ್ಯಾಟರಿ ಬೇಡ, ದುಡ್ಡೂ ಬೇಡ, ಬಾಕ್ಸಿನಲ್ಲೇ ಮೂರು ಸೈಜು ಕೊಟ್ಟಿರುತ್ತಾರೆ. ಹೆಚ್ಚಿನವರು ಮಧ್ಯದ್ದನ್ನೇ ಹಾಕಿಕೊಂಡು "ಬಾಸೇ ಇಲ್ಲ" ಅಂತ ಬೈಯುತ್ತಾರೆ. ತುದಿ ಸಡಿಲ ಇದ್ದರೆ ಎಷ್ಟು ದುಬಾರಿಯದ್ದರಲ್ಲೂ ಬಾಸ್ ಸೋರಿಹೋಗುತ್ತದೆ.

ಬಸ್ಸಿನಲ್ಲಿ ಸುತ್ತ ನೋಡುತ್ತೇನೆ. ಕಾಲೇಜು ಮಕ್ಕಳು ಗಲಾಟೆ ಮೀರಿಸಲು ವಾಲ್ಯೂಮ್ ಏರಿಸಿಕೊಂಡು ಕೂತಿರುತ್ತಾರೆ, ಪಕ್ಕದ ಸೀಟಿಗೆ ಹಾಡಿನ ಸಾಹಿತ್ಯ ಕೇಳುವಷ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ ಹೆಚ್ಚೆಂದರೆ 40 ಗಂಟೆ ಅಂತ. ಪ್ರತಿ ಮೂರು ಡೆಸಿಬೆಲ್ಲಿಗೆ ಹೊತ್ತು ಅರ್ಧ. 89ಕ್ಕೆ ಏರಿಸಿದರೆ ವಾರಕ್ಕೆ ಐದು ಗಂಟೆ, ಅದು ಎರಡು ದಿನದ ಉಡುಪಿ ಮಂಗಳೂರು ಓಡಾಟಕ್ಕೇ ಮುಗಿಯಿತು. ಹಾಗಾಗಿ ಬಸ್ಸಿನವರಿಗೆ ನಾನು ಹೇಳುವುದು, ಮೊದಲು ಮುಚ್ಚುವುದನ್ನು ನೋಡು, ಶಬ್ದದ ಗುಣ ಆಮೇಲೆ.

ದುಡ್ಡಿನ ಮಾತು

ಎಷ್ಟಾದರೂ ಇದನ್ನು ಕೇಳದೆ ಬಿಡುವುದಿಲ್ಲ. ಐನೂರರಿಂದ ಸಾವಿರದೊಳಗೆ ಆದರೆ ಹೆಸರಿರುವ ಕಂಪನಿಯ ತಂತಿಯ ಇಯರ್‌ಫೋನ್, ಸಾಕು. ಅದೇ ದುಡ್ಡಿಗೆ ಬ್ಲೂಟೂತ್ ತಗೊಂಡರೆ ಅರ್ಧ ದುಡ್ಡು ಬ್ಯಾಟರಿಗೂ ರೇಡಿಯೋಗೂ ಹೋಗಿ ಕಿವಿಗೆ ಉಳಿಯುವುದು ಅಷ್ಟಕ್ಕಷ್ಟೆ. ಫೋನಿನಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು ಇಲ್ಲದಿದ್ದರೆ (2016ರಲ್ಲಿ ಐಫೋನ್ 7 ಆ ತೂತು ತೆಗೆದದ್ದೇ ನೆಪ, ಎಲ್ಲರೂ ಒಬ್ಬೊಬ್ಬರಾಗಿ ತೆಗೆದರು) ಟೈಪ್ ಸಿ ತುಂಡೊಂದು ಬೇಕು. ಸಮುದ್ರದ ಗಾಳಿಗೆ ಪಿನ್ನು ಮಸುಕಾಗಿ ಕರಕರ ಎನ್ನುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಹೆಚ್ಚಾಗಿ ಸರಿಹೋಗುತ್ತದೆ. ಇದನ್ನು ಹಾಳಾಯಿತು ಅಂತ ಬಿಸಾಡಿದವರು ಎಷ್ಟು ಜನವೋ.

ಎರಡು ಸಾವಿರದ ಆಸುಪಾಸು ನನಗೆ ಈಗ ತುಂಬ ಇಷ್ಟದ ಜಾಗ. ಕಿವಿಯೊಳಗೆ ಕೂರುವ, ತಂತಿಯನ್ನು ಕಿವಿಯ ಮೇಲಿನಿಂದ ಸುತ್ತಿ ಹಾಕುವ ಚೀನಾದ ಇನ್-ಇಯರ್‌ಗಳು. ಮೂನ್‌ಡ್ರಾಪ್ ಚು, ಸೆವೆನ್‌ಹರ್ಟ್ಸ್ ಸಾಲ್‌ನೋಟ್ಸ್ ಝೀರೋ ಇಂಥವು. ಹೆಜ್ಜೆ, ಚೆಂಡೆ, ಸ್ಯಾಕ್ಸೋಫೋನ್ ಮೂರೂ ಬಿಡಿಸಿ ಕೇಳುತ್ತದೆ. ಉದುರುವ ಕುಶನ್ ಇಲ್ಲ, ಕಿವಿಯ ಸುತ್ತ ಬೆವರಿಲ್ಲ, ಮಳೆಯ ಶಬ್ದ ಮುಕ್ಕಾಲು ಹೊರಗೆ. ಮೈಕಿರುವ ತಂತಿಯದ್ದೇ ಕೇಳಿ ತಗೊಳ್ಳಬೇಕು, ಮೈಕಿಲ್ಲದ್ದೂ ಅದೇ ಹೆಸರಿನಲ್ಲಿ ಮಾರಾಟಕ್ಕಿರುತ್ತದೆ. ಇಷ್ಟು ಕಡಿಮೆಗೆ ಚೆನ್ನಾಗಿರುವುದು ಹೇಗೆ ಸಾಧ್ಯ ಎಂದು ನಂಬದವರಿಗೆ ಒಂದು ವಿಷಯ. 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 283 ಹೆಡ್‌ಫೋನುಗಳನ್ನು ಅಳೆದು ಬರೆದ ಒಂದು ಲೇಖನ ಬಂತು. ಯಾವ ಸ್ವರವನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ ಎಂದು ಅದರಲ್ಲಿತ್ತು. ದುಡ್ಡು ಹೋಗುವುದು ಕಟ್ಟೋಣಕ್ಕೆ, ಹಿತಕ್ಕೆ, ಹೆಸರಿಗೆ. ಅದೂ ಬೇಡವೆಂದಲ್ಲ.

ಐದರಿಂದ ಹತ್ತು ಸಾವಿರದಲ್ಲಿ ಕಿವಿ ಮುಚ್ಚುವ ದೊಡ್ಡವು ನೆಮ್ಮದಿಯಾಗಿ ಸಿಗುತ್ತವೆ. ಗೇಮಿನವರು ಹೈಪರ್‌ಎಕ್ಸ್ ಕ್ಲೌಡ್ 2 ಅನ್ನುತ್ತಾರೆ, ಹಾಡಿನವರು ಆಡಿಯೋ ಟೆಕ್ನಿಕಾ ಎಂ40ಎಕ್ಸ್. ನಾನಾದರೆ ಎರಡನೆಯದಕ್ಕೆ ಒಂದು ಕಾಲರ್ ಮೈಕು ಸೇರಿಸುತ್ತೇನೆ. ಕನ್ನಡಕ ಹಾಕುವವರು ಅಂಗಡಿಯಲ್ಲಿ ಕನ್ನಡಕದ ಜೊತೆಗೇ ಹತ್ತು ನಿಮಿಷ ಹಾಕಿ ಕೂರಬೇಕು, ನಾಚಿಕೆ ಬೇಡ. ಕನ್ನಡಕದ ಕಡ್ಡಿಯ ಸಂದಿಯಿಂದಲೂ ಬಾಸ್ ಸೋರುತ್ತದೆ, ಮತ್ತೆ ಅರ್ಧ ಗಂಟೆಗೆ ಕಿವಿಯ ಮೇಲೆ ನೋವು. ಮುಖ್ಯವಾಗಿ ಕೇಳಬೇಕಾದದ್ದು, ಕುಶನ್ ಬೇರೆ ಸಿಗುತ್ತದಾ? ಅಳಿಯನ ಹೆಡ್‌ಸೆಟ್ಟಿಗೆ ಸಿಗಲಿಲ್ಲ. ನಾನು ಮಂಗಳೂರಿನಲ್ಲಿ ಮೂರು ಅಂಗಡಿ ಹತ್ತಿ ಇಳಿದೆ. ಕೊನೆಗೆ ಅಕ್ಕ ಹಳೆಯ ಬನಿಯನ್ ಕತ್ತರಿಸಿ ಇಲಾಸ್ಟಿಕ್ ಹಾಕಿ ಒಂದು ಟೊಪ್ಪಿ ಹೊಲಿದುಕೊಟ್ಟಳು. ನಿಜ ಹೇಳಬೇಕೆಂದರೆ ಒರಿಜಿನಲ್ಲಿಗಿಂತ ಹಿತವಾಗಿತ್ತು, ಶಬ್ದ ಸ್ವಲ್ಪ ತೆಳುವಾದರೂ.

ಹತ್ತು ದಾಟಿದರೆ ನಮ್ಮ ಹವೆಗೆ ನನ್ನ ಆಯ್ಕೆ ಬೈಯರ್‌ಡೈನಾಮಿಕ್ ಡಿಟಿ 770 ಪ್ರೊ. ಕಾರಣ ಶಬ್ದಕ್ಕಿಂತ ಜಾಸ್ತಿ ಅದರ ಬೂದು ಬಣ್ಣದ ಮಖಮಲ್ಲಿನಂಥ ಕುಶನ್. ಬೆವರು ಹೀರುತ್ತದೆ, ಹೊಪ್ಪಳೆ ಏಳುವುದಿಲ್ಲ, ಬಿಡಿಯಾಗಿಯೂ ಸಿಗುತ್ತದೆ. ಒಂದೇ ಹೆಸರಿನಲ್ಲಿ 32, 80, 250 ಓಮಿನದ್ದು ಇರುತ್ತದೆ, ಅಲ್ಲಿ ಮೋಸಹೋಗಬಾರದು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆ, ಅದು ಜಾಸ್ತಿ ಇದ್ದರೆ ಒಳ್ಳೆಯದು ಅಂತಲ್ಲ. ಬಾವಿಯ ಪಂಪು ನೆನಪಿಸಿಕೊಳ್ಳಿ. ಅರ್ಧ ಎಚ್‌ಪಿಯ ಮೋಟಾರು ಅಂಗಳದ ತೆಂಗಿಗೆ ನೀರು ಬಿಡುತ್ತದೆ, ಮೂರನೇ ಮಹಡಿಯ ಟ್ಯಾಂಕಿಗೆ ತಳ್ಳು ಅಂದರೆ ಬರೀ ಗುಯ್ ಅನ್ನುತ್ತದೆ. ಫೋನಿನಿಂದ ಒಂದು ವೋಲ್ಟಿಗಿಂತ ಹೆಚ್ಚು ಸಿಗುವುದು ಅಪರೂಪ, 250 ಓಮಿನದ್ದು ಅದರಲ್ಲಿ ಪಿಸುಗುಟ್ಟುತ್ತದೆ. ಶಬ್ದಕ್ಕೆ ಬಲ ಕೊಡುವ ಆ್ಯಂಪ್ ಬೇರೆಯಾಗಿ ಇಲ್ಲದಿದ್ದರೆ 80ರದ್ದು (32ರದ್ದರ ಕುಶನ್ ಮಖಮಲ್ಲಿನದ್ದಲ್ಲ, ಲೆದರಿನ ತರದ್ದು). ಅದಕ್ಕೂ ಮೇಲಿನ ಬೆಲೆಯ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಸೆನ್‌ಹೈಸರಿನ ಎಚ್‌ಡಿ 600 ಬಂದದ್ದು 1997ರಲ್ಲಿ, ಇವತ್ತಿಗೂ ಅಂಗಡಿಯಲ್ಲುಂಟು. ಸೋನಿಯ ಎಂಡಿಆರ್ 7506 1991ರದ್ದು, ಸ್ಟುಡಿಯೋಗಳಲ್ಲಿ ಈಗಲೂ ಅದೇ. ಹೊಸ ಮಾಡೆಲ್ ಬಂತು ಅಂತ ಓಡುವ ವಸ್ತು ಇದಲ್ಲ ಅನ್ನಲು ಅಷ್ಟು ಸಾಕು. ಆದರೆ ಎಚ್‌ಡಿ 600 ಬೆನ್ನು ತೆರೆದದ್ದು. ತಗೊಳ್ಳುವವರು ಮೊದಲು ಶೀಟಿನ ವ್ಯವಸ್ಥೆ ನೋಡಿಕೊಳ್ಳಿ.

ಅಳಿಯನಿಗೆ ಕೊನೆಗೆ ಕೊಡಿಸಿದ್ದು ಸಾವಿರದ ಎಂಟುನೂರರ ಮೈಕಿನ ಇನ್-ಇಯರ್. ಈ ಸಲ ಮಾಡೆಲ್ ಹೆಸರು ಹೇಳುವ ಮೊದಲು ಅವನ ಕೋಣೆಯಲ್ಲಿ ಒಂದು ಸಂಜೆ ಕೂತು ನೋಡಿದ್ದೆ. ಫ್ಯಾನು ಐದರಲ್ಲಿ, ಕಿಟಕಿಯ ಆಚೆ ಹೆದ್ದಾರಿ, ಎಸಿ ಇಲ್ಲ. ಮೂರು ಸೈಜಿನ ರಬ್ಬರ್ ಹಾಕಿ ತೆಗೆದು ಸಣ್ಣದು ಅವನಿಗೆ ಸರಿ ಅಂತ ಕಂಡುಹಿಡಿದೆವು. ಶಾಲು ಕಟ್ಟಿದ ಪರೀಕ್ಷೆಯಲ್ಲಿ ಅವನಿಗೆ ಹತ್ತಕ್ಕೆ ಹತ್ತು. ನನಗೆ ಎಂಟು. ಸಮಾಧಾನದಿಂದ ಬಂದೆ.

ಮೊನ್ನೆ ಹೋದಾಗ ನೋಡುತ್ತೇನೆ, ಹುಡುಗ ಬಲಗಿವಿಗೆ ಮಾತ್ರ ಸಿಕ್ಕಿಸಿಕೊಂಡು ಆಡುತ್ತಿದ್ದಾನೆ. ಎಡಗಡೆಯದ್ದು ಕುತ್ತಿಗೆಯಲ್ಲಿ ನೇತಾಡುತ್ತಿದೆ. ನನಗೆ ಹೊಟ್ಟೆ ಉರಿಯಿತು. "ಹಾಳಾಯ್ತಾ?" ಅಂದೆ.

"ಇಲ್ಲ ಮಾವ, ಸರಿ ಉಂಟು."

"ಮತ್ತೆ? ಎಡಗಡೆಯಿಂದ ಬಂದವ ಹೇಗೆ ಗೊತ್ತಾಗುವುದು ನಿನಗೆ?"

ಅವನು ಪರದೆಯಿಂದ ಕಣ್ಣು ತೆಗೆಯದೆ ಅಡುಗೆಮನೆಯ ಕಡೆ ಗಲ್ಲ ತೋರಿಸಿದ. "ಎಡಗಡೆಯಿಂದ ಬರುವುದು ಅಮ್ಮ. ಕರೆದದ್ದು ಕೇಳದಿದ್ದರೆ ವೈಫೈ ಆಫ್ ಮಾಡ್ತಾರೆ."

ಅಷ್ಟರಲ್ಲಿ ಒಳಗಿನಿಂದ ಅಕ್ಕ ಕರೆದಳು, ಗಂಜಿ ಬಡಿಸಿಯಾಗಿತ್ತು. ಹುಡುಗನಿಗೆ ಮೊದಲ ಕೂಗಿಗೇ ಕೇಳಿತು. ನಾನು ಬಸ್ಸಿನಿಂದ ಇಳಿದವನು ಇಯರ್‌ಬಡ್ ತೆಗೆಯಲು ಮರೆತಿದ್ದೆ. ನನ್ನನ್ನು ಎರಡು ಸಲ ಕರೆಯಬೇಕಾಯಿತು.